ಇಳಿಸಿದ ತೂಕ ವಾಪಸ್ ಬಂದಾಗ: ಮೊದಲು ನಿಲ್ಲಿಸಿ, ಆಮೇಲೆ ಇಳಿಸಿ

ಕಷ್ಟಪಟ್ಟು ಇಳಿಸಿದ ತೂಕ ಪೂರ್ತಿ ವಾಪಸ್ ಬಂದವರಿಗೆ ಎರಡನೇ ಸಲ ಶುರು ಮಾಡುವುದು ಮೊದಲ ಸಲಕ್ಕಿಂತ ಕಷ್ಟ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂಬುದೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಹೀಗಾಯಿತಲ್ಲ ಎಂಬ ನಾಚಿಕೆಯೇ ಕಾಲಿಗೆ ತೊಡರುವುದು. ಆ ನಾಚಿಕೆ ಹೋಗಲಿ, ಹುಮ್ಮಸ್ಸು ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಯುಗಾದಿ ಹೋಗಿ ದೀಪಾವಳಿ ಬಂದಿರುತ್ತದೆ. ಎರಡನೇ ಸುತ್ತಿಗೆ ನಾನು ಇಟ್ಟುಕೊಂಡ ಕ್ರಮ ಬೇರೆ. ಮೊದಲ ಎಂಟು ವಾರ ತೂಕ ಇಳಿಸುವ ಮಾತೇ ಇಲ್ಲ. ಏರುತ್ತಿರುವುದನ್ನು ನಿಲ್ಲಿಸುವುದಷ್ಟೇ ಕೆಲಸ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ 267 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಅರ್ಧ ಜನಕ್ಕೆ ಮೊದಲ ಎಂಟು ವಾರ ತೂಕವನ್ನು ಇದ್ದಲ್ಲೇ ಇರಿಸುವ ಅಭ್ಯಾಸ, ಆಮೇಲೆ ಇಳಿಸುವ ತರಬೇತಿ. ಉಳಿದವರಿಗೆ ಮೊದಲು ಇಳಿಸುವುದು, ಕೊನೆಗೆ ಉಳಿಸಿಕೊಳ್ಳುವುದು. ಇಳಿದ ತೂಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಏಳೂವರೆ ಕಿಲೋ ಆಸುಪಾಸು. ಒಂದು ವರ್ಷ ಕಳೆದ ಮೇಲೆ ನೋಡಿದರೆ ಮೊದಲ ಗುಂಪಿಗೆ ವಾಪಸ್ ಬಂದದ್ದು ಸುಮಾರು ಒಂದೂವರೆ ಕಿಲೋ, ಎರಡನೆಯದಕ್ಕೆ ಮೂರು ಕಿಲೋಗೂ ಮೇಲೆ. ತೂಕ ಇಳಿಸುವುದು ನಮಗೆ ಗೊತ್ತಿರುವ ವಿದ್ಯೆ, ಒಮ್ಮೆ ಮಾಡಿ ತೋರಿಸಿದ್ದೇವೆ. ಕಲಿಯಬೇಕಾದದ್ದು ಉಳಿಸಿಕೊಳ್ಳುವುದನ್ನು. ಹಾಗಾಗಿ ಅಲ್ಲಿಂದಲೇ ಶುರು. ಇದರ ಲಾಭ ಇನ್ನೊಂದಿದೆ: ಈ ಹಂತದಲ್ಲಿ ಸೋಲುವುದು ಕಷ್ಟ. ತೂಕ ಇದ್ದಲ್ಲೇ ಇದ್ದರೆ ಗೆದ್ದ ಹಾಗೆ. ಮನಸ್ಸಿಗೆ ಬೇಕಾದ ಹುಮ್ಮಸ್ಸು ಹುಟ್ಟುವುದು ಇಂಥ ಸಣ್ಣ ಗೆಲುವಿನಿಂದಲೇ ಹೊರತು ಹಳೇ ಫೋಟೋ ನೋಡಿಕೊಂಡು ಅಲ್ಲ.

ತೂಕ ಯಾಕೆ ಬಂತು ಎಂಬುದಕ್ಕೆ ಮನೆಮಂದಿಯ ಉತ್ತರ ಸಿದ್ಧವಿರುತ್ತದೆ: ‘ಬಾಯಿ ಕಟ್ಟಲಿಲ್ಲ.’ ಅರ್ಧ ನಿಜ. 2011ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಅಧ್ಯಯನದಲ್ಲಿ 50 ಜನರಿಗೆ ಹತ್ತು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷ ಕಳೆದರೂ ಹಸಿವು ಹೆಚ್ಚಿಸುವ ಹಾರ್ಮೋನು ಗ್ರೆಲಿನ್ ಏರಿಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿದೇ ಇತ್ತು. ಅಮೆರಿಕದ ‘ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಟಿವಿ ಸ್ಪರ್ಧೆಯ 14 ಜನರನ್ನು ಆರು ವರ್ಷದ ಬಳಿಕ ಪರೀಕ್ಷಿಸಿದಾಗ 13 ಜನರಿಗೆ ತೂಕ ಮರಳಿತ್ತು. ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿ ಅವರ ಮೈಕಟ್ಟಿಗೆ ಇರಬೇಕಾದ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಅವರದು ವಿಪರೀತದ ಉದಾಹರಣೆ, ಆರೇಳು ಕಿಲೋ ಇಳಿಸಿದವರಿಗೆ ಅಷ್ಟು ಹೊಡೆತ ಬೀಳುವುದಿಲ್ಲ. ಆದರೆ ದಿಕ್ಕು ಅದೇ. ಚುಚ್ಚುಮದ್ದಿನಿಂದ ಇಳಿಸಿದವರ ಕಥೆಯೂ ಹೀಗೆಯೇ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್ ಬಂದದ್ದು ದಾಖಲಾಗಿದೆ.

ಉಳಿದರ್ಧ ನಿಜವನ್ನು ಹುಡುಕಲು ಫೋನು ಸಾಕು. ಹೆಜ್ಜೆ ಎಣಿಸುವ ಆಪ್‌ನಲ್ಲಿ ತಿಂಗಳ ಸರಾಸರಿ ತೆಗೆದು ಯಾವ ತಿಂಗಳು ಬಿದ್ದಿದೆ ನೋಡಿ. ಅದರ ಪಕ್ಕಕ್ಕೆ ಯುಪಿಐ ಲೆಕ್ಕದಲ್ಲಿ ಬೇಕರಿ, ಹೋಟೆಲು, ಮನೆಗೆ ತರಿಸಿದ ಊಟ ಯಾವ ತಿಂಗಳಿಂದ ಹೆಚ್ಚಾಗಿದೆ ನೋಡಿ. ಮೂರನೆಯದಾಗಿ, ಆ ಹೊತ್ತಿಗೆ ಯಾವುದಾದರೂ ಹೊಸ ಮಾತ್ರೆ ಶುರುವಾಗಿತ್ತಾ ಎಂದು ಹಳೇ ಚೀಟಿ ತೆಗೆಯಿರಿ. ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆದರೆ ತೂಕ ಹೆಚ್ಚಿದ್ದು ‘ಸೋಮಾರಿತನ’ದಿಂದ ಎಂಬ ಮಾತು ಕರಗಿ ನಿರ್ದಿಷ್ಟ ಕಾರಣ ಸಿಗುತ್ತದೆ: ಮಳೆಗಾಲದಲ್ಲಿ ನಿಂತ ವಾಕಿಂಗು ಮತ್ತೆ ಶುರುವಾಗಲಿಲ್ಲ, ಆಫೀಸು ಬದಲಾಗಿ ರಾತ್ರಿ ಊಟ ಹತ್ತು ಗಂಟೆಗೆ ಹೋಯಿತು, ಹಿಮ್ಮಡಿ ನೋವು ಬಂತು. ನಾಚಿಕೆಗೆ ಮದ್ದಿಲ್ಲ, ಕಾರಣಕ್ಕೆ ಇದೆ.

ಮಾತ್ರೆಯ ವಿಷಯ ಹಗುರವಾಗಿ ತಗೋಬೇಡಿ. ಸ್ಟೆರಾಯ್ಡ್, ಇನ್ಸುಲಿನ್, ಗ್ಲಿಮೆಪಿರೈಡ್ ಜಾತಿಯ ಸಕ್ಕರೆ ಮಾತ್ರೆ, ಮೂರ್ಛೆರೋಗಕ್ಕೆ ಕೊಡುವ ವ್ಯಾಲ್ಪ್ರೊಯೇಟ್, ಮನೋರೋಗಕ್ಕೆ ಕೊಡುವ ಓಲಾಂಜಪಿನ್ ಇವೆಲ್ಲ ತೂಕ ಏರಿಸಬಲ್ಲವು. ತಾವಾಗಿಯೇ ನಿಲ್ಲಿಸುವಂಥವಲ್ಲ, ಬದಲಿ ಇದೆಯಾ ಎಂದು ವೈದ್ಯರನ್ನು ಕೇಳುವಂಥವು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಡೋಸ್ ಬಗ್ಗೆ ಮಾತಾಡದೆ ಊಟ ಕಡಿಮೆ ಮಾಡಿದರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಶುರು ಮಾಡುವ ಮುಂಚೆ ಥೈರಾಯ್ಡ್ ತಿಳಿಸುವ ಟಿಎಸ್‌ಎಚ್ ಮತ್ತು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಬಿಡಿ. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ತಿನ್ನಲು ಶುರು ಮಾಡಿದರೆ ನಿಲ್ಲಿಸಲಾಗದಂತೆ ಆಗುವುದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು ಇದ್ದರೆ ಡಯಟ್ ಪಕ್ಕಕ್ಕಿಟ್ಟು ಮೊದಲು ಮನೋವೈದ್ಯರ ಹತ್ತಿರ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇನ್ನು ತಕ್ಕಡಿ. ವಾಪಸ್ ಬಂದ ತೂಕವನ್ನು ನೋಡಲು ಧೈರ್ಯ ಬೇಕು, ಆದರೆ ಆ ಧೈರ್ಯ ಒಂದು ದಿನಕ್ಕೆ ಸಾಕು. ಎರಡನೇ ದಿನದಿಂದ ಅದು ಬರೀ ಅಂಕಿ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ, ಗಟ್ಟಿ ನೆಲದ ಮೇಲೆ ಇಟ್ಟ ತಕ್ಕಡಿ. ದಿನಾ ಬರೆದು ಏಳು ದಿನದ ಸರಾಸರಿ ತೆಗೆಯಿರಿ, ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಯ ಜೊತೆ ಮಾತ್ರ ಹೋಲಿಸಿ. ಭಾನುವಾರ ಮದುವೆ ಊಟ ಮಾಡಿ ಸೋಮವಾರ ಒಂದೂವರೆ ಕಿಲೋ ಹೆಚ್ಚು ತೋರಿಸಿದರೆ ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು, ಒಂದು ಊಟದಲ್ಲಿ ಅಷ್ಟು ಸಾಧ್ಯವಿಲ್ಲ. ತಿಂದ ಅನ್ನ, ಸಿಹಿಯನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಸೇರುತ್ತದೆ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಮೊದಲ ವಾರದ ಡಯಟ್‌ನಲ್ಲಿ ಎರಡು ಕಿಲೋ ಇಳಿಯಿತೆಂದು ಹಿಗ್ಗುವವರದ್ದೂ ಇದೇ ನೀರು. ಮುಟ್ಟಿನ ಮುಂಚಿನ ದಿನಗಳಲ್ಲೂ ತೂಕ ಏರುವುದರಿಂದ ಹೆಣ್ಣುಮಕ್ಕಳು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ದಿನಾ ನೋಡಿದರೆ ಮನಸ್ಸು ಕೆಡುತ್ತದೆ ಎನ್ನುವವರು ಸೊಂಟದ ಅಳತೆ ಹಿಡಿಯಲಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು, ಉಸಿರು ಬಿಟ್ಟ ಮೇಲೆ. ಭಾರತೀಯರಿಗೆ ಎಚ್ಚರಿಕೆಯ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಎಂಟು ವಾರದಲ್ಲಿ ಅಡುಗೆಮನೆಯಲ್ಲಿ ಬದಲಾಗುವುದು ಮೂರೇ ವಿಷಯ: ಎಣ್ಣೆ, ಕಾಫಿ, ಸಂಜೆಯ ಐದರಿಂದ ಏಳು ಗಂಟೆ. ಬೇರೆ ಅಡುಗೆ ಮಾಡಿಕೊಳ್ಳಬೇಡಿ. ಮನೆಯವರಿಗೆ ಚಿತ್ರಾನ್ನ, ನಿಮಗೆ ಓಟ್ಸ್ ಎಂಬ ಏರ್ಪಾಟು ಎಷ್ಟು ದಿನ ನಡೆಯುತ್ತದೆ ಎಂಬುದು ಹೋದ ಸಲವೇ ಗೊತ್ತಾಗಿರುತ್ತದೆ.

ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ 33 ಮಿಲಿಲೀಟರ್, ಅಂದರೆ ಸುಮಾರು 275 ಕ್ಯಾಲೊರಿ. ಮೂರು ಲೀಟರಿಗೆ ಇಳಿಸಿದರೆ ತಲೆಗೆ ಸುಮಾರು 70 ಕ್ಯಾಲೊರಿ ಉಳಿಯಿತು. ‘ಕಡಿಮೆ ಎಣ್ಣೆ ಹಾಕು’ ಎಂದು ಅಡುಗೆ ಮಾಡುವವರಿಗೆ ಹೇಳುವುದರಿಂದ ಜಗಳ ಬಿಟ್ಟು ಬೇರೇನೂ ಆಗುವುದಿಲ್ಲ. ವಾರದ ಎಣ್ಣೆಯನ್ನು, ಈ ಲೆಕ್ಕದಲ್ಲಿ 700 ಮಿಲಿಲೀಟರ್, ಭಾನುವಾರ ಒಂದು ಬಾಟಲಿಗೆ ಸುರಿದಿಡಿ. ಒಲೆಯ ಪಕ್ಕ ಇರುವುದು ಅದೊಂದೇ. ಒಗ್ಗರಣೆಗೆ ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಹಾಕಿ. ಒಂದು ಟೀ ಚಮಚ ಐದು ಮಿಲಿಲೀಟರ್. ಗುರುವಾರವೇ ಬಾಟಲಿ ಖಾಲಿಯಾದರೆ ಯಾವ ದಿನ ಏನು ಕರಿದದ್ದು ಎಂಬುದು ತಾನಾಗಿ ನೆನಪಾಗುತ್ತದೆ. ಶುಕ್ರವಾರ ಪಲ್ಯಕ್ಕೆ ಎಣ್ಣೆ ಕಡಿಮೆ ಬೀಳುತ್ತದೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಕಾಫಿ ಬಿಡುವ ಪ್ರಶ್ನೆಯೇ ಇಲ್ಲ. ದಿನಕ್ಕೆ ನಾಲ್ಕು ಲೋಟ, ತಲಾ 100 ಮಿಲಿಲೀಟರ್ ಟೋನ್ಡ್ ಹಾಲು, ಎರಡು ಚಮಚ ಸಕ್ಕರೆ ಎಂದಾದರೆ ಒಟ್ಟು 400 ಕ್ಯಾಲೊರಿ ಹತ್ತಿರ. ಸಕ್ಕರೆ ಒಂದು ಚಮಚಕ್ಕೆ ಬಂದರೆ 80 ಉಳಿಯಿತು. ಒಂದೇ ಸಲ ಇಳಿಸಬೇಡಿ, ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಗೆಗೆ ಗೊತ್ತಾಗುವುದಿಲ್ಲ. ಬೆಲ್ಲಕ್ಕೆ ಬದಲಾಯಿಸಿದರೆ ಲೆಕ್ಕ ಬದಲಾಗದು, ಅದೂ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ.

ನಿಜವಾದ ತೂತು ಸಂಜೆ. ಕಾಂಗ್ರೆಸ್ ಕಡಲೆಕಾಯಿ, ಮಿಕ್ಸ್ಚರ್, ನಿಪ್ಪಟ್ಟು ಯಾವುದೇ ಆಗಲಿ, 50 ಗ್ರಾಂ ಅಂದರೆ ಒಂದು ಹಿಡಿಗಿಂತ ಸ್ವಲ್ಪ ಹೆಚ್ಚು, 250ರಿಂದ 300 ಕ್ಯಾಲೊರಿ. ಡಬ್ಬಿಯಿಂದಲೇ ತಿಂದರೆ ಎರಡು ಹಿಡಿ. ಮಧ್ಯಾಹ್ನದ ಊಟದಲ್ಲಿ ಬರೀ ಅನ್ನ ತಿಳಿಸಾರು ಇದ್ದ ದಿನ ಈ ಹಸಿವು ಜಾಸ್ತಿ, ಬೇಳೆ ಕಾಳು ಇದ್ದ ದಿನ ಕಡಿಮೆ. ಪರೀಕ್ಷೆ ಮಾಡಿ ನೋಡಬಹುದು. ಆದ್ದರಿಂದ ಸಂಜೆಯ ರಿಪೇರಿ ಮಧ್ಯಾಹ್ನದಲ್ಲೇ ಆಗಬೇಕು. ದಿನದ ಪ್ರೊಟೀನು ಹೀಗೆ ಕೂಡುತ್ತದೆ: 60 ಗ್ರಾಂ ಬೇಳೆಯಿಂದ 13 ಗ್ರಾಂ, 40 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿ ಉಸ್ಲಿ ಮಾಡಿದರೆ 9, ಎರಡು ಮೊಟ್ಟೆಯಿಂದ 12, ಕಾಲು ಲೀಟರ್ ಹಾಲಿನಿಂದ 8, ಒಂದು ಬಟ್ಟಲು ಮೊಸರಿನಿಂದ 5, ಉಳಿದದ್ದು ಅಕ್ಕಿ ರಾಗಿಯಿಂದ ಹತ್ತು ಹನ್ನೊಂದು. ಸುಮಾರು 60 ಗ್ರಾಂ ಆಯಿತು. ಮೊಟ್ಟೆ ತಿನ್ನದವರು ಕಾಳು, ಮೊಸರು ಹೆಚ್ಚಿಸಬೇಕು. ಕಿಡ್ನಿ ತೊಂದರೆ ಇರುವವರು ಈ ಲೆಕ್ಕ ಬಿಟ್ಟು ವೈದ್ಯರ ಲೆಕ್ಕ ಹಿಡಿಯಬೇಕು. ಸಂಜೆಗೆ ಹುರಿಗಡಲೆ ಬಟ್ಟಲಲ್ಲಿ ಅಳೆದು, ಡಬ್ಬಿ ಒಳಗಿಟ್ಟು ಬಂದು ತಿನ್ನಿ.

ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಗೆ ಸುಮಾರು 350. ವ್ಯತ್ಯಾಸ ಇಷ್ಟೇ. ರಾಗಿಯ ಗುಣ ಇರುವುದು ನಾರಿನಲ್ಲಿ, ಮತ್ತು ಅದರ ಜೊತೆ ಬರುವ ಸೊಪ್ಪಿನ ಸಾರು, ಬಸ್ಸಾರಿನಲ್ಲಿ. ಎರಡು ಮುದ್ದೆ ತಿಂದು ಮೇಲೆ ಅನ್ನವನ್ನೂ ಹಾಕಿಸಿಕೊಂಡರೆ ಏನೂ ಇಳಿಯದು. ಹಿಟ್ಟನ್ನು ಒಂದು ಸಲ ತೂಕ ಮಾಡಿ ನಿಮ್ಮ ಮುದ್ದೆಗೆ ಎಷ್ಟು ಎಂದು ತಿಳಿದುಕೊಳ್ಳಿ, ಅನ್ನದ ಸೌಟಿಗೂ ಹಾಗೆಯೇ. ಆಮೇಲೆ ತೂಕ ಮಾಡುತ್ತ ಕೂರಬೇಕಾಗಿಲ್ಲ.

ನಡಿಗೆಗೆ ಬಂದರೆ, ಹಳೇ ದಾಖಲೆಯೇ ಶತ್ರು. ಹೋದ ಸಲ ಕೊನೆಗೆ ಹತ್ತು ಸಾವಿರ ಹೆಜ್ಜೆ ಆಗುತ್ತಿತ್ತೆಂದು ಮೊದಲ ದಿನವೇ ಹತ್ತು ಸಾವಿರ ಹಾಕಿದರೆ ಈಗ ಭಾರ ಹೆಚ್ಚಿದೆ, ಪಾದ ಬಳಕೆ ತಪ್ಪಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಲು ಶುರುವಾಗುತ್ತದೆ, ಒಂದು ತಿಂಗಳು ಎಲ್ಲ ಬಂದ್. ಈಗಿನ ಸರಾಸರಿ ಮೂರೂವರೆ ಸಾವಿರ ಇದ್ದರೆ ವಾರಕ್ಕೆ 500ರಂತೆ ಏರಿಸಿ. 70 ಕಿಲೋ ಇರುವವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಬರೀ 120 ಕ್ಯಾಲೊರಿ ಆಸುಪಾಸು. ಇಳಿಸುವ ಕೆಲಸ ತಟ್ಟೆಯದು, ಉಳಿಸಿಕೊಳ್ಳುವ ಕೆಲಸ ಕಾಲಿನದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಐದು ಲೀಟರ್ ನೀರಿನ ಕ್ಯಾನ್ ಎತ್ತುವುದು, ತಲಾ ಹತ್ತರಂತೆ ಎರಡು ಸುತ್ತು ಸಾಕು. ತೂಕ ಇಳಿಯುವಾಗ ಸ್ನಾಯು ಕರಗದಿರಲು ಇದು ಬೇಕು.

ಮದುವೆ ಮನೆಯದ್ದು ಬೇರೆಯೇ ಶಾಸ್ತ್ರ. ಅಲ್ಲಿ ‘ಬೇಡ’ ಎಂಬ ಮಾತಿಗೆ ಬೆಲೆಯಿಲ್ಲ. ‘ಏನೋ ಮತ್ತೆ ದಪ್ಪ ಆಗಿದೀಯಲ್ಲೋ’ ಎಂದ ಬಾಯಲ್ಲೇ ‘ಇನ್ನೊಂದು ಹೋಳಿಗೆ ಹಾಕಿಸ್ಕೋ’ ಎನ್ನುತ್ತಾರೆ. ಮೊದಲನೆಯದಕ್ಕೆ ‘ಹೌದು ಅತ್ತೆ’ ಎಂದು ಮುಗಿಸಿ. ಎರಡನೆಯದಕ್ಕೆ ‘ಆಮೇಲೆ ಹಾಕಿಸ್ಕೋತೀನಿ, ಈಗ ಸ್ವಲ್ಪ ಕೋಸಂಬರಿ ಕಳಿಸಿ’ ಎನ್ನಿ. ಬಡಿಸುವವರ ಕಣ್ಣು ಎಲೆಯ ಖಾಲಿ ಜಾಗದ ಮೇಲಿರುತ್ತದೆ, ಆದ್ದರಿಂದ ಅರ್ಧ ಹೋಳಿಗೆಯನ್ನು ಮಜ್ಜಿಗೆ ಬರುವವರೆಗೆ ಎಲೆಯಲ್ಲೇ ಉಳಿಸಿಕೊಳ್ಳಿ. ಮತ್ತೆ ಡಯಟ್ ಶುರು ಮಾಡಿದ್ದೇನೆಂದು ಊರಿಗೆಲ್ಲ ಸಾರಬೇಡಿ. ಮನೆಯಲ್ಲಿ ಅಡುಗೆ ಮಾಡುವವರೊಬ್ಬರಿಗೆ ಗೊತ್ತಿದ್ದರೆ ಸಾಕು.

ಈ ಎಂಟು ವಾರದಲ್ಲಿ ಕಿಲೋ ಬಿಟ್ಟು ಬೇರೆ ಒಂದೆರಡು ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು. ಚೆನ್ನೈ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ 531 ಜನರಿದ್ದರು, ಎಲ್ಲರೂ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು. ಊಟ ಮತ್ತು ನಡಿಗೆ ಬದಲಾಯಿಸಿಕೊಂಡವರಲ್ಲಿ ಕಾಯಿಲೆಗೆ ಜಾರುವ ಅಪಾಯ ಶೇಕಡ 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಆಗಿರಲಿಲ್ಲ. ಹಾಗಾಗಿ ಶೂ ಲೇಸ್ ಕಟ್ಟುವಾಗ ಉಸಿರು, ಬೆಲ್ಟಿನ ತೂತು, ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿ ತಲುಪುವ ಹೊತ್ತಿಗೆ ಎಷ್ಟು ಸಲ ಕೂತಿರಿ ಎಂಬ ಲೆಕ್ಕ, ಇವೆಲ್ಲ ತಕ್ಕಡಿಗಿಂತ ಮುಂಚೆ ಬದಲಾಗುತ್ತವೆ.

ಒಂಬತ್ತನೇ ವಾರ ಇಳಿಸುವುದು ಶುರು. ಈಗಿನ ಊಟದಿಂದ ದಿನಕ್ಕೆ ಸುಮಾರು 400 ಕ್ಯಾಲೊರಿ ಕಡಿಮೆ, ವಾರಕ್ಕೆ ಮುನ್ನೂರು ನಾನ್ನೂರು ಗ್ರಾಂ. ಇದಕ್ಕಿಂತ ಬಹಳ ಜೋರಾಗಿ ಇಳಿಸಿದರೆ ಹಸಿವಿನ ಜೊತೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಇದೆ. ಮೊದಲ ಗುರಿ ಈಗಿನ ತೂಕದ ಶೇಕಡ 5, ಅಂದರೆ 80 ಕಿಲೋ ಇದ್ದರೆ ನಾಲ್ಕು ಕಿಲೋ. ಹಳೇ ಕನಿಷ್ಠ ತೂಕ ಗುರಿಯಲ್ಲ. ಅಲ್ಲಿ ತಲುಪಿದ ಮೇಲೆ ನಾಲ್ಕು ವಾರ ಮತ್ತೆ ನಿಲ್ಲಿಸುವ ಅಭ್ಯಾಸ, ಆಮೇಲೆ ಬೇಕಿದ್ದರೆ ಮುಂದಿನ ಶೇಕಡ 5.

ನಿಂತ ತೂಕದ ಮೇಲೆ ಎರಡು ಕಿಲೋ ಕೂಡಿಸಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ವಾರದ ಸರಾಸರಿ ಆ ಅಂಕಿ ಮುಟ್ಟಿದ ದಿನವೇ ಎಣ್ಣೆ ಬಾಟಲಿ, ಕಾಫಿ ಚಮಚ, ಹುರಿಗಡಲೆ ಬಟ್ಟಲು ಮೂರೂ ಮತ್ತೆ ಹೊರಬರಬೇಕು; ಸೋಮವಾರಕ್ಕೆ, ಒಂದನೇ ತಾರೀಖಿಗೆ ಮುಂದೂಡುವ ಹಾಗಿಲ್ಲ. ನಾಲ್ಕು ವಾರ ಸರಿಯಾಗಿ ಅಳೆದೂ ಇಳಿಯದಿದ್ದರೆ ಆ ದಿನಗಳ ತೂಕದ ಪಟ್ಟಿ, ಮಾತ್ರೆಗಳ ಪಟ್ಟಿ ಎರಡನ್ನೂ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ.