ಜೋಗಿಮಟ್ಟಿಯ ಇಳುಕಲು: ಕಾಲು ಉಳಿಸಿಕೊಂಡು ಓಡುವ ಬಗೆ

ಚಿತ್ರದುರ್ಗದಲ್ಲಿ ಓಟ ಶುರುಮಾಡಿದವರಿಗೆ ಏರು ಹತ್ತುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏರಿನಲ್ಲಿ ಉಸಿರೇ ಮೇಷ್ಟ್ರು. ಜೋರು ಮಾಡಿದರೆ ಏದುಸಿರು ಬಂದು ನೀವೇ ನಿಲ್ಲುತ್ತೀರಿ. ಇಳುಕಲಲ್ಲಿ ಆ ಮೇಷ್ಟ್ರು ಇರುವುದಿಲ್ಲ. ಉಸಿರು ಹಗುರ, ವೇಗ ಪುಕ್ಕಟೆ. ಊರ ಪಕ್ಕದ ಜೋಗಿಮಟ್ಟಿ ಗುಡ್ಡ ಹತ್ತಿ ಇಳಿದ ಮೂರನೇ ದಿನ ಮೆಟ್ಟಿಲಿಳಿಯಲಾಗದೆ ಗೋಡೆ ಹಿಡಿಯುವವರು ಬೈಯುವುದು ಏರನ್ನು. ಕಾಲು ಕೆಡಿಸಿದ್ದು ಇಳುಕಲು.

ಕಾರಣ ಸರಳ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಮೈಭಾರವನ್ನು ತಡೆಯಬೇಕು. ಬಾವಿಯಿಂದ ತುಂಬಿದ ಕೊಡ ಸೇದಿದರೆ ತೋಳು ಸೋಲುತ್ತದೆ; ಅದೇ ಕೊಡವನ್ನು ಹಗ್ಗ ಜಾರಿಸುತ್ತಾ ಇಳಿಬಿಟ್ಟರೆ ಅಂಗೈ ಸುಲಿಯುತ್ತದೆ. ಇಳುಕಲಲ್ಲಿ ತೊಡೆಗೆ ಆಗುವುದು ಈ ಎರಡನೆಯದು. ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರಕು ಆಗುತ್ತದೆ, ನೋವು 24ರಿಂದ 72 ಗಂಟೆಯೊಳಗೆ ಏರುತ್ತದೆ. ಭಾನುವಾರ ಓಡಿದವರಿಗೆ ಸೋಮವಾರಕ್ಕಿಂತ ಮಂಗಳವಾರ ಕಷ್ಟ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಒಂದು ವರ್ಷ ಡರ್ಬನ್ನಿನಿಂದ ಮೇಲಕ್ಕೆ, ಇನ್ನೊಂದು ವರ್ಷ ಪೀಟರ್‌ಮಾರಿಟ್ಸ್‌ಬರ್ಗಿನಿಂದ ಕೆಳಕ್ಕೆ ನಡೆಯುತ್ತದೆ. ಸುಮಾರು 90 ಕಿ.ಮೀ. ದೂರ. ಅಲ್ಲಿನ ಹಳಬರು ಹೆದರುವುದು ಕೆಳಕ್ಕೆ ಓಡುವ ವರ್ಷಕ್ಕೆ.

ಒಳ್ಳೆಯ ಸುದ್ದಿ ಏನೆಂದರೆ, ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಒಮ್ಮೆ ಹದವಾಗಿ ಇಳಿದು, ಪೂರ್ತಿ ಸುಧಾರಿಸಿಕೊಂಡು ಮತ್ತೆ ಇಳಿದರೆ ಎರಡನೇ ಸಲದ ನೋವು ಎಷ್ಟೋ ಕಡಿಮೆ ಅನ್ನಿಸುತ್ತದೆ. ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಹಾಗಾಗಿ ಇಳುಕಲನ್ನು ಔಷಧಿಯ ಹಾಗೆ ಅಳತೆ ಹಾಕಿ ತೆಗೆದುಕೊಳ್ಳಬೇಕು.

ಮೊದಲು ಜಾಗ, ಹೊತ್ತು. ಜೋಗಿಮಟ್ಟಿ ವನ್ಯಜೀವಿ ಧಾಮ. ಕರಡಿ, ಚಿರತೆ ಎರಡೂ ಇವೆ. ಬೆಳಕು ಹರಿಯುವ ಮೊದಲು ಹೆಡ್‌ಲ್ಯಾಂಪ್ ಕಟ್ಟಿಕೊಂಡು ನುಗ್ಗುವುದು ಶೌರ್ಯವಲ್ಲ. ಕರಡಿ ಮರಳುವ ಹೊತ್ತೂ ಅದೇ. ಅರಣ್ಯ ಇಲಾಖೆಯವರು ಬಿಡುವ ಹೊತ್ತಿಗೇ ಹೋಗಿ, ಇಬ್ಬರು ಮೂವರು ಜೊತೆಗಿರಿ, ಕಿವಿಗೆ ಇಯರ್‌ಫೋನ್ ಬೇಡ. ತಿರುವುಗಳಲ್ಲಿ ಎದುರಿಗೆ ಬೈಕು, ಜೀಪು ಬರುತ್ತವೆ. ಕುರುಡು ತಿರುವಿನಲ್ಲಿ ಹೊರಮಗ್ಗುಲು ಹಿಡಿದರೆ ಇಳಿಯುವವನು ಎದುರಿನವನಿಗೆ ಬೇಗ ಕಾಣುತ್ತಾನೆ. ಕಾಲ ನವೆಂಬರಿನಿಂದ ಫೆಬ್ರವರಿ. ಮಾರ್ಚ್ ನಂತರ ಗೇಟು ತೆರೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಆಗ ಊರೊಳಗೆ ನಸುಕಿನಲ್ಲಿ ಓಡಿ ಮುಗಿಸುವುದು ಮೇಲು.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಗಾಳಿಯದೇ ರಾಜ್ಯ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಾಳಿ ನೈಋತ್ಯದಿಂದ ಬೀಸುತ್ತದೆ. ಹೊಳಲ್ಕೆರೆ ರಸ್ತೆಯಲ್ಲಿ ಹೊರಟರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಚಳ್ಳಕೆರೆ ಕಡೆಗೆ ಹೊರಟರೆ ಉಲ್ಟಾ: ಹೋಗುವಾಗ ಹಾರಿಕೊಂಡು ಹೋಗಿ, ದಣಿದ ಮೇಲೆ ಎದುರುಗಾಳಿಗೆ ಸಿಕ್ಕಿಬೀಳುತ್ತೀರಿ. ಬೆನ್ನುಗಾಳಿ ಕೊಡುವ ಲಾಭ ಎದುರುಗಾಳಿ ಕಸಿಯುವುದಕ್ಕಿಂತ ಯಾವಾಗಲೂ ಕಡಿಮೆ. ಈ ತಿಂಗಳುಗಳಲ್ಲಿ ಕಿಲೋಮೀಟರಿನ ವೇಗ ನೋಡದೆ, ಎಷ್ಟು ನಿಮಿಷ ಓಡಿದೆ ಎಂದಷ್ಟೇ ಲೆಕ್ಕ ಇಡುತ್ತೇನೆ.

ಇನ್ನು ಇಳುಕಲಿನ ಅಳತೆ. ಸಮತಟ್ಟಿನಲ್ಲಿ ನಿಲ್ಲದೆ 45 ನಿಮಿಷ, ಮಾತಾಡುತ್ತಾ ಓಡಬಲ್ಲವರಿಗೆ ಇದು. ಅಷ್ಟು ಆಗದಿದ್ದರೆ ಇನ್ನೂ ಎರಡು ತಿಂಗಳು ಒನಕೆ ಓಬವ್ವ ಕ್ರೀಡಾಂಗಣವೇ ಸಾಕು. (ಅಲ್ಲಿಯೂ ಒಂದೇ ದಿಕ್ಕಿನಲ್ಲಿ ಸುತ್ತಬೇಡಿ. ತಿರುವಿನಲ್ಲಿ ಒಳಗಿನ ಕಾಲಿನ ಮೇಲೆ ಬೀಳುವ ಭಾರವೇ ಬೇರೆ. ಜನ ಕಡಿಮೆ ಇದ್ದಾಗ ಅರ್ಧ ಹೊತ್ತು ತಿರುಗಿ ಓಡಿ.)

ಮೊದಲ ಎರಡು ವಾರ, ವಾರಕ್ಕೆ ಒಂದೇ ದಿನ, 20 ನಿಮಿಷ ಹತ್ತಿ ಓಡಿ, ಇಳಿಯುವುದನ್ನು ಪೂರ್ತಿ ನಡೆದೇ ಮುಗಿಸಬೇಕು. ನಾಚಿಕೆಯಾಗುತ್ತದೆ, ಆಗಲಿ. ಮೂರನೇ ವಾರ ಇಳಿಯುವಾಗ 2 ನಿಮಿಷ ಮೆಲ್ಲಗೆ ಓಟ, 1 ನಿಮಿಷ ನಡಿಗೆ. ನಾಲ್ಕನೇ ವಾರವೂ ಅದೇ, ಏನೂ ಹೆಚ್ಚಿಸಬಾರದು. ಜನ ಎಡವುವುದು ಇಲ್ಲೇ. ಮೂರನೇ ವಾರ ನೋವಾಗಲಿಲ್ಲ ಎಂದು ನಾಲ್ಕನೇ ವಾರ ತುದಿಯಿಂದ ಬುಡಕ್ಕೆ ಹಾರುತ್ತಾರೆ. ಸ್ನಾಯು ಎರಡು ವಾರಕ್ಕೆ ಒಗ್ಗಿಕೊಂಡಿರಬಹುದು, ಆದರೆ ಮೂಳೆ, ಸ್ನಾಯುರಜ್ಜು ಒಗ್ಗಲು ತಿಂಗಳುಗಳು ಬೇಕು. ಐದನೇ ವಾರ 1 ಕಿ.ಮೀ. ನಿಲ್ಲದೆ ಇಳಿದು ಉಳಿದದ್ದು ನಡಿಗೆ. ಆರಕ್ಕೆ 2 ಕಿ.ಮೀ., ಏಳಕ್ಕೆ ಮತ್ತೆ 1. ಎಂಟನೇ ವಾರ 3. ವಾರದ ಒಟ್ಟು ದೂರ ಲೆಕ್ಕ ಹಾಕುವಾಗ ಓಡಿ ಇಳಿದ 1 ಕಿ.ಮೀ.ಯನ್ನು 2 ಎಂದೇ ಬರೆದುಕೊಳ್ಳುತ್ತೇನೆ. ಇದು ಯಾವ ವಿಜ್ಞಾನದ ಸೂತ್ರವೂ ಅಲ್ಲ, ದುರಾಸೆಗೆ ಹಾಕಿದ ಬೇಲಿ. ಇಳಿದ ಮರುದಿನ ಬಿಡುವು, ಅದರ ಮರುದಿನ ಸಮತಟ್ಟಿನಲ್ಲಿ 30 ನಿಮಿಷ ಮಾತ್ರ. ಸ್ಪರ್ಧೆ ಇದ್ದರೆ ಕೊನೆಯ ಗಟ್ಟಿ ಇಳುಕಲು ಅದಕ್ಕೆ 12ರಿಂದ 14 ದಿನ ಮೊದಲೇ ಮುಗಿದಿರಬೇಕು.

ಇಳಿಯುವಾಗ ಮಾಡುವ ತಪ್ಪು ಒಂದೇ, ಹೆದರಿ ಹಿಂದಕ್ಕೆ ವಾಲುವುದು. ಹಿಂದಕ್ಕೆ ವಾಲಿದೊಡನೆ ಕಾಲು ಮೈಗಿಂತ ಮುಂದೆ ಹೋಗಿ, ಮಂಡಿ ನೆಟ್ಟಗೆ ನಿಂತು, ಹಿಮ್ಮಡಿ ಧಪ್ಪೆಂದು ಬೀಳುತ್ತದೆ. ಆ ಹೊಡೆತ ನೇರ ಮಂಡಿಚಿಪ್ಪಿಗೆ. ಜಲ್ಲಿ ಇದ್ದ ಕಡೆ ಜಾರುವುದೂ ಹಿಮ್ಮಡಿ ಊರಿದವರೇ. ಸರಿಯಾದ ಭಂಗಿಯಲ್ಲಿ ಸೊಂಟದಿಂದ ಬಾಗದೆ ಹರಡಿನಿಂದಲೇ ಮೈ ತುಸು ಮುಂದಕ್ಕೆ ವಾಲಿರುತ್ತದೆ, ಮಂಡಿ ಸದಾ ಸ್ವಲ್ಪ ಮಡಿಚಿರುತ್ತದೆ, ಪಾದ ಸೊಂಟದ ಕೆಳಗೇ ಬೀಳುತ್ತದೆ. ಹೆಜ್ಜೆ ಗಿಡ್ಡ, ಬೇಗ ಬೇಗ. ಎಣಿಸಲು ಸುಲಭ ದಾರಿ ಇದೆ: 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಣಿಸಿ 4ರಿಂದ ಗುಣಿಸಿ. ಸಮತಟ್ಟಿನಲ್ಲಿ 42 ಬಂದರೆ ನಿಮಿಷಕ್ಕೆ 168 ಹೆಜ್ಜೆ. ಇಳುಕಲಲ್ಲಿ ಅದನ್ನು 44ಕ್ಕೆ ತನ್ನಿ, 176 ಆಯಿತು. ನೂರಕ್ಕೆ 5ರಷ್ಟು ಹೆಜ್ಜೆ ಹೆಚ್ಚಿದರೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಒಮ್ಮೆಲೇ ಹತ್ತು ಹದಿನೈದು ಹೆಚ್ಚಿಸಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕಣ್ಣು ಬೂಟಿನ ಮೇಲೆ ಬೇಡ, 8–10 ಮೀಟರ್ ಮುಂದೆ ಇರಲಿ. ಕೈಗಳನ್ನು ಸ್ವಲ್ಪ ಅಗಲ ಬಿಟ್ಟರೆ ತೂಕ ಸರಿತೂಗುತ್ತದೆ. ಕಿವಿಯೂ ಕೆಲಸಕ್ಕೆ ಬರುತ್ತದೆ: ಪಾದದ ಸದ್ದು ಜೋರಾದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ.

ಕೋಟೆಯ ಮೆಟ್ಟಿಲಲ್ಲಿ ಓಡಿ ಅಭ್ಯಾಸ ಮಾಡುವವರಿದ್ದಾರೆ. ಹತ್ತಲು ಅಡ್ಡಿಯಿಲ್ಲ. ಆದರೆ ಆ ಕಲ್ಲು ಶತಮಾನಗಳ ಕಾಲಿಗೆ ಸವೆದು ನುಣುಪಾಗಿದೆ, ಮೆಟ್ಟಿಲಿನ ಎತ್ತರ ಒಂದರ ಹಾಗೆ ಇನ್ನೊಂದಿಲ್ಲ, ಮಳೆ ಹನಿದರೆ ಎಣ್ಣೆ ಸುರಿದಂತೆ. ಇಳಿಯುವಾಗ ನಡೆಯಿರಿ.

ಬೂಟು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಇಳುಕಲಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗಿ ಕಳಚುತ್ತದೆ. ಜಾಗ ಇದ್ದೂ ಜಾರುತ್ತಿದ್ದರೆ ದಾರ ಕಟ್ಟುವ ರೀತಿ ಬದಲಿಸಿ. ಬೂಟಿನ ಮೇಲ್ತುದಿಯಲ್ಲಿ ಹೆಚ್ಚಿನ ಒಂದು ತೂತು ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ದಾರವನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಪೋಣಿಸಿದರೆ ಎರಡೂ ಕಡೆ ಸಣ್ಣ ಕುಣಿಕೆ ಆಗುತ್ತದೆ. ಎಡದ ದಾರ ಬಲದ ಕುಣಿಕೆಯೊಳಗೆ, ಬಲದ್ದು ಎಡದೊಳಗೆ ಹಾಯಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲುಗುವುದಿಲ್ಲ. ಉಗುರನ್ನು ಓಟದ ಹಿಂದಿನ ದಿನ ಕತ್ತರಿಸಬೇಡಿ, ಮೂರು ದಿನ ಮೊದಲು ಕತ್ತರಿಸಿ. 500ರಿಂದ 800 ಕಿ.ಮೀ. ಆದ ಬೂಟು ಮೇಲೆ ಹೊಸದರಂತೆ ಕಂಡರೂ ಮೆತ್ತೆ ಸತ್ತಿರುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಎರಡೇ ವ್ಯಾಯಾಮ. ನಾಲ್ಕು ಹೇಳಿದರೆ ಯಾರೂ ಒಂದನ್ನೂ ಮಾಡುವುದಿಲ್ಲ. ಮೊದಲನೆಯದು ಮೆಟ್ಟಿಲಿಳಿತ: 6 ಇಂಚಿನ ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು 3 ಸೆಕೆಂಡು ತೆಗೆದುಕೊಂಡು ಕೆಳಗಿನ ನೆಲಕ್ಕೆ ತಾಗಿಸಿ ಮೇಲೆ ಬರುವುದು. ಕಾಲಿಗೆ 10ರಂತೆ 3 ಸುತ್ತು, ವಾರಕ್ಕೆ ಎರಡು ದಿನ. ಮಂಡಿ ಒಳಕ್ಕೆ ತಿರುಗಬಾರದು, ಎರಡನೇ ಬೆರಳಿನ ನೇರಕ್ಕೇ ಇರಬೇಕು. ಕನ್ನಡಿ ಮುಂದೆ ಮಾಡಿದರೆ ಗೊತ್ತಾಗುತ್ತದೆ. ತಿರುಗುತ್ತಿದ್ದರೆ ಸೊಂಟದ ಮಗ್ಗುಲಿನ ಸ್ನಾಯು ಸೋತಿದೆ, ಮೆಟ್ಟಿಲ ಎತ್ತರ ಕಡಿಮೆ ಮಾಡಿ. ಎರಡನೆಯದು ಹಿಮ್ಮಡಿ ಇಳಿತ: ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗದ ಮೇಲೆ ನಿಂತು, ಎರಡೂ ಕಾಲಲ್ಲಿ ಏರಿ, ಒಂದೇ ಕಾಲಲ್ಲಿ ನಿಧಾನ ಇಳಿಯುವುದು. ಮಂಡಿ ನೆಟ್ಟಗಿಟ್ಟು 15, ಮಡಿಚಿ 15, ಹೀಗೆ 3 ಸುತ್ತು. ಹಿಮ್ಮಡಿಯ ಮೇಲಿನ ರಜ್ಜು ನಡುವೆ ನೋಯುವವರು ಇದನ್ನೇ ದಿನಕ್ಕೆ ಎರಡು ಸಲ 12 ವಾರ ಮಾಡುತ್ತಾರೆ. ನೋವು ರಜ್ಜು ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಮಾತ್ರ ಹಿಮ್ಮಡಿಯನ್ನು ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸಬೇಡಿ, ಕೆರಳುತ್ತದೆ.

ನೋವು ಬಂದಾಗ ಅದು ಎಲ್ಲಿದೆ ಎನ್ನುವುದೇ ಅರ್ಧ ಉತ್ತರ. ಮಂಡಿಚಿಪ್ಪಿನ ಸುತ್ತ, ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ನೋವು ಎಂದರೆ ಇಳುಕಲು ನಿಲ್ಲಿಸಿ, ಸಮತಟ್ಟಿನಲ್ಲಿ ಗಿಡ್ಡ ಹೆಜ್ಜೆಯ ಓಟ ಉಳಿಸಿಕೊಳ್ಳಬಹುದು. ಮಂಡಿಯ ಹೊರಮಗ್ಗುಲಲ್ಲಿ, ಪ್ರತಿ ಸಲ ಹೆಚ್ಚುಕಡಿಮೆ ಅದೇ ದೂರಕ್ಕೆ ಬಂದು ಚುಚ್ಚಿದರೆ, ತೊಡೆಯ ಹೊರಬದಿಯ ಪಟ್ಟಿಯದು. ಇದಕ್ಕೆ ಇಳುಕಲಿನ ಜೊತೆ ರಸ್ತೆಯ ವಾಟವೂ ಕಾರಣ. ಡಾಂಬರು ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ದಿನವೂ ಒಂದೇ ಅಂಚಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ನೋವು ಶುರುವಾದ ದೂರಕ್ಕಿಂತ ಮೊದಲೇ ನಿಲ್ಲಿಸುವುದು ಇಲ್ಲಿ ಮುಖ್ಯ, ತಡೆದುಕೊಂಡು ಓಡಿದರೆ ವಾರದ್ದು ತಿಂಗಳಾಗುತ್ತದೆ.

ಮಂಡಿಯ ಕೆಳಗಿನ ಮುಂಗಾಲ ಮೂಳೆಯ ಒಳಅಂಚಿನಲ್ಲಿ ಒಂದು ಗೇಣು ಉದ್ದಕ್ಕೆ ಹರಡಿದ ನೋವು, ಮೈ ಬಿಸಿಯಾದ ಮೇಲೆ ಕಡಿಮೆಯಾಗುವುದು, ಹೊಸಬರಲ್ಲಿ ಸಾಮಾನ್ಯ. ದೂರ ಅರ್ಧ ಮಾಡಿ, ಗರಸು ಮಣ್ಣಿನ ದಾರಿ ಹುಡುಕಿ. ಆದರೆ ಒಂದೇ ಬೆರಳಿನಲ್ಲಿ ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚುವುದು, ರಾತ್ರಿ ಮಲಗಿದಾಗಲೂ ಇರುವುದು ಬೇರೆ ಜಾತಿ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಇರಬಹುದು. ‘ಎಕ್ಸ್‌ರೇ ಚೆನ್ನಾಗಿದೆ’ ಎಂದು ಮರುದಿನ ಓಡುವುದು ದೊಡ್ಡ ತಪ್ಪು. ಮೂಳೆ ವೈದ್ಯರಿಗೆ ನೋವಿನ ಸ್ವಭಾವವನ್ನು ಹೀಗೇ ಬಿಡಿಸಿ ಹೇಳಿ, ಎಂಆರ್‌ಐ ಬೇಕೇ ಕೇಳಿ. ಅಲ್ಲಿಯವರೆಗೆ ಓಟ ಪೂರ್ತಿ ಬಂದ್. ಸಾಮಾನ್ಯವಾಗಿ 6ರಿಂದ 8 ವಾರ ಬೇಕಾಗುತ್ತದೆ.

ನೋವಿನ ಮಾತ್ರೆ ನುಂಗಿ ಓಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ರಕ್ತ ಹರಿಯುವುದನ್ನು ತಗ್ಗಿಸುತ್ತವೆ. ಬೆವರಿ ನೀರು ಕಳೆದುಕೊಂಡ ಮೈಗೆ ಅದು ಅಪಾಯ. ವಿಪರೀತ ಇಳಿದ ಮೇಲೆ ತೊಡೆ ಊದಿ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ. ನೀರಿಗೆ ಲೆಕ್ಕ ಇಷ್ಟೇ: ಓಡುವ ಮೊದಲು, ನಂತರ ತೂಕ ನೋಡಿ, ಕಡಿಮೆಯಾದ 1 ಕಿಲೋ ಅಂದರೆ ಸುಮಾರು 1 ಲೀಟರ್ ಬೆವರು. 1 ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಕಣ್ಣಂದಾಜಿನಲ್ಲಿ ಹಾಕಬೇಡಿ. ಒಂದು ಗಂಟೆಯೊಳಗಿನ ಓಟಕ್ಕೆ ಇದೂ ಬೇಡ, ಬರಿಯ ನೀರು ಸಾಕು. ಬಂದ ಮೇಲೆ ಬಾಳೆಹಣ್ಣು, ಚಳ್ಳಕೆರೆ ಶೇಂಗಾ, ಮಜ್ಜಿಗೆ ಇದ್ದರೆ ಡಬ್ಬಿಯ ಪುಡಿಗಳ ಗೊಡವೆ ಬೇಡ.

ನಮ್ಮ ಕಡೆಯ ಓಟದ ಸ್ಪರ್ಧೆಗಳು ಹೆಚ್ಚಾಗಿ 5 ಇಲ್ಲವೆ 10 ಕಿ.ಮೀ. ಕರಪತ್ರದಲ್ಲಿ 6 ಗಂಟೆ ಎಂದಿದ್ದರೆ ಗಣ್ಯರು ಬಂದು, ಸ್ವಾಗತ, ದೀಪ, ಭಾಷಣ ಮುಗಿದು ಬಾವುಟ ಬೀಸುವ ಹೊತ್ತಿಗೆ ಎಷ್ಟಾದರೂ ಆಗಬಹುದು. ಮೈ ಬಿಸಿ ಮಾಡಿಕೊಳ್ಳುವುದನ್ನು ಗಡಿಯಾರಕ್ಕೆ ಕಟ್ಟಬೇಡಿ, ವಂದನಾರ್ಪಣೆಗೆ ಕಟ್ಟಿ. ಅದಕ್ಕೂ ಮೊದಲು ಮೈಕಿನ ಹತ್ತಿರ ನಿಲ್ಲದೆ ಹಿಂದೆಯೇ ಸಣ್ಣಗೆ ಓಡಾಡುತ್ತಿರಿ. ಶುರುವಿನ 200 ಮೀಟರ್ ಶಾಲೆಯ ಹುಡುಗರು ಬರಿಗಾಲಲ್ಲೇ ಬಾಣದಂತೆ ಬಿಡುತ್ತಾರೆ, ಬೀಳುವುದೂ ಅಲ್ಲೇ. ಮಗ್ಗುಲಿಗೆ ನಿಂತು ಹೊರಡಿ. 60 ನಿಮಿಷಕ್ಕೆ 10 ಕಿ.ಮೀ. ಮುಗಿಸುವವರು ಮೊದಲ ಕಿಲೋಮೀಟರನ್ನು 6 ನಿಮಿಷ 15 ಸೆಕೆಂಡಿಗೆ ಬಿಟ್ಟುಕೊಡಬಹುದು. ಆ 15 ಸೆಕೆಂಡು ಊರಿನ ಇಳುಕಲುಗಳಲ್ಲಿ ವಾಪಸು ಸಿಗುತ್ತದೆ, ಹೆಜ್ಜೆ ಗಿಡ್ಡವಿದ್ದರೆ ಮಾತ್ರ.

ದೂರದ ವಿಷಯದಲ್ಲೂ ಒಂದು ಮಾತು. ಪ್ರಮಾಣೀಕರಿಸಿದ ಮಾರ್ಗವನ್ನು ಅಳೆಯುವುದು ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿದ ಸೈಕಲ್ಲಿನಲ್ಲಿ. ತಿರುವಿನಲ್ಲಿ ಅಂಚಿನಿಂದ 30 ಸೆಂ.ಮೀ. ದೂರದ ಅತಿ ಹತ್ತಿರದ ದಾರಿ ಹಿಡಿದು, ಕಿಲೋಮೀಟರಿಗೆ 1 ಮೀಟರ್ ಹೆಚ್ಚುವರಿ ಸೇರಿಸಿ ಅಳೆಯುತ್ತಾರೆ. ಊರ ಓಟದ ಮಾರ್ಗವನ್ನು ಬೈಕಿನ ಮೀಟರಿನಲ್ಲಿ ಅಳೆದಿರುತ್ತಾರೆ, ಕೊನೆಯ ಗಳಿಗೆಯಲ್ಲಿ ಟ್ರಾಫಿಕ್ಕಿಗಾಗಿ ಒಂದು ತಿರುವು ಕಡಿಮೆಯೂ ಆಗಿರುತ್ತದೆ. ಅಲ್ಲಿ ಬಂದ ಸಮಯವನ್ನು ದಾಖಲೆ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.