ಕರಾವಳಿ ಹವೆಯಲ್ಲಿ ಟಿ-90 ಟ್ಯಾಂಕ್ ಮಾಡೆಲ್ ಕಟ್ಟುವುದು ಹೇಗೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಕೂತು ಪ್ಲಾಸ್ಟಿಕ್ ಟ್ಯಾಂಕ್ ಕಟ್ಟುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮಳೆಗಾಲದಲ್ಲಿ ಕತ್ತರಿಸಿ, ಉಜ್ಜಿ, ಅಂಟಿಸಿ. ಬಣ್ಣಕ್ಕೆ ದಸರಾ ಮುಗಿಯುವ ತನಕ ಕಾಯಿರಿ. ಕಿಟ್ ಜೊತೆ ಬರುವ ಕೈಪಿಡಿಯಲ್ಲಿ ಹವೆಯ ಮಾತು ಅಷ್ಟಾಗಿ ಇರುವುದಿಲ್ಲ, ಆದರೆ ನಮ್ಮಲ್ಲಿ ಚೆಂದದ ಮಾಡೆಲ್ ಕೆಡುವುದು ಜಾಸ್ತಿ ಅದರಿಂದಲೇ.

ನನ್ನ ಆಯ್ಕೆ 1:35 ಅಳತೆಯ ಟಿ-90. ನಿಜವಾದ ಟ್ಯಾಂಕ್ ತೋಪಿನ ನಳಿಗೆ ಸೇರಿ ಸುಮಾರು 9.5 ಮೀಟರ್ ಉದ್ದ, ಮಾಡೆಲ್ 27 ಸೆಂ.ಮೀ. ಆಗುತ್ತದೆ. ಮೇಜಿನ ಮೇಲೆ ಆರಾಮಾಗಿ ಕೂರುತ್ತದೆ. ಸಿಗುವ ಕಿಟ್‌ಗಳಲ್ಲಿ ಹೆಚ್ಚಿನವು ರಷ್ಯಾದ ಟಿ-90ಎ. ನಮ್ಮ ಸೇನೆಯ ಟಿ-90, ಅಂದರೆ ಭೀಷ್ಮ ಬೇಕಿದ್ದರೆ ತೋಪಿನ ಎರಡೂ ಬದಿ ಕೆಂಪು ಕಣ್ಣಿನ ಹಾಗೆ ಕಾಣುವ, ಎದುರಿನ ಕ್ಷಿಪಣಿಯ ದಾರಿ ತಪ್ಪಿಸುವ ಶ್ತೋರಾ ದೀಪಗಳನ್ನು ಕೂರಿಸಬೇಡಿ, ನಮ್ಮ ಟ್ಯಾಂಕಿನಲ್ಲಿ ಅವು ಇಲ್ಲ, ಆ ಜಾಗದಲ್ಲೂ ಸ್ಫೋಟಕ ಕವಚದ ಇಟ್ಟಿಗೆಗಳಿವೆ. ಗಣರಾಜ್ಯೋತ್ಸವ ಪರೇಡಿನ ಫೋಟೋ ನಾಲ್ಕು ದಿಕ್ಕಿನಿಂದ ತೆಗೆದದ್ದು ಹುಡುಕಿ ಎದುರಿಗೇ ಇಟ್ಟುಕೊಳ್ಳಿ.

ಕಿಟ್ ತೆಗೆದ ಕೂಡಲೇ ತುಂಡುಗಳನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸ್ಪ್ರೂ ಅಂತಾರಲ್ಲ, ಆ ಪ್ಲಾಸ್ಟಿಕ್ ಚೌಕಟ್ಟಿನಿಂದ ತುಂಡನ್ನು ಒಂದೇ ಏಟಿಗೆ ಬುಡಕ್ಕೆ ಕತ್ತರಿಸಬೇಡಿ. ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರ, ಉಳಿದ ಗಂಟನ್ನು ಬ್ಲೇಡಿನಿಂದ.

ಅಂಟಿಗೆ ಟಮಿಯಾ ಕಂಪನಿಯ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಒಳ್ಳೆಯದು. ಎರಡು ತುಂಡು ಒಟ್ಟಿಗೆ ಹಿಡಿದು ಸಂದಿಗೆ ಬ್ರಷ್ ತುದಿ ತಾಗಿಸಿದರೆ ಸಾಕು, ಅಂಟು ತಾನಾಗಿಯೇ ಒಳಗೆ ಹರಿಯುತ್ತದೆ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಆಗ ಸಂದಿಯ ಮೇಲೆ ಬೆರಳಿಟ್ಟರೆ ಬೆರಳಚ್ಚು ಅಲ್ಲೇ ಉಳಿಯುತ್ತದೆ. ಮಳೆ ಅಂತ ಎಲ್ಲಾ ಕಿಟಕಿ ಮುಚ್ಚಿ ಕೂರಬೇಡಿ, ಈ ಅಂಟಿನ ಆವಿ ತಲೆಗೆ ಏರುತ್ತದೆ. ಎರಚಲು ಬರದ ಬದಿಯ ಕಿಟಕಿ ತೆಗೆದು ಫ್ಯಾನ್ ಹಾಕಿ.

ಟಿ-90ಗೆ ಒಂದೊಂದು ಬದಿ ಆರು ದೊಡ್ಡ ಚಕ್ರ. ಚಕ್ರದ ತೋಳುಗಳನ್ನು ಅಂಟಿಸಿ, ಒಣಗುವ ಮೊದಲೇ ಚಪ್ಪಟೆ ಗಾಜಿನ ಮೇಲೆ ಇಟ್ಟು ನೋಡಿ. ಒಂದು ಚಕ್ರ ಗಾಜಿನಿಂದ ಕೂದಲೆಳೆಯಷ್ಟು ಎದ್ದಿದ್ದರೂ ಮುಗಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ತೋಪಿನ ನಳಿಗೆ ಎರಡು ಹೋಳಾಗಿ ಬಂದಿದ್ದರೆ ನಡುವಿನ ಗೆರೆಯನ್ನು 600, ಆಮೇಲೆ 1000 ನಂಬರಿನ ವಾಟರ್ ಪೇಪರ್ ನೆನೆಸಿ ಉಜ್ಜಿ, ಟ್ಯೂಬ್‌ಲೈಟ್ ಕೆಳಗೆ ನಿಧಾನ ತಿರುಗಿಸಿ ನೋಡಿ, ಬೆಳಕಿನಲ್ಲಿ ಉಳಿದ ಗೆರೆ ಮಿನುಗುತ್ತದೆ. ಟ್ರ್ಯಾಕ್, ಅಂದರೆ ಚಕ್ರಗಳನ್ನು ಸುತ್ತುವ ಸರಪಳಿ ಪಟ್ಟಿ, ಬಿಡಿ ಕೊಂಡಿಗಳದ್ದಾದರೆ ಒಂದೊಂದೇ ಜೋಡಿಸುವುದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಆದರೂ ನಾನು ಅದನ್ನೇ ತಗೊಳ್ಳಿ ಅಂತೀನಿ, ಚಕ್ರದ ಮೇಲೆ ಅದು ಕೂರುವ ತೂಕ ರಬ್ಬರಿನಂಥ ಪಟ್ಟಿಗೆ ಬರುವುದಿಲ್ಲ. ಹಿತ್ತಾಳೆಯ ತೆಳು ಜಾಲರಿಗಳಿಗೆ ಸೂಪರ್ ಗ್ಲೂ. ಅವನ್ನು ಬರಿಗೈಯಲ್ಲಿ ಜಾಸ್ತಿ ಮುಟ್ಟಬೇಡಿ, ಉಪ್ಪುಗಾಳಿಗೆ ಬೇಗ ಕಪ್ಪಾಗುತ್ತವೆ.

ಈಗ ಬಣ್ಣ. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಹಾರುತ್ತದೆ, ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅದರ ಮೇಲೆ ಕೂತು ಬಿಳಿ ಮಂಜಿನ ಹಾಗೆ ಕಲೆ ಉಳಿಯುತ್ತದೆ. ಮ್ಯಾಟ್ ವಾರ್ನಿಶ್‌ಗೂ ಇದೇ ಕಾಟ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿ ಒಳಗೆ, ಬಿಸಿಲೇರಿದ ಮಧ್ಯಾಹ್ನ ಹೊಡೆಯಿರಿ. ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಬೇಕೇ ಬೇಕು, ಇಲ್ಲದಿದ್ದರೆ ನಡುವೆ ನೀರಿನ ಹನಿ ಚಿಮ್ಮುತ್ತದೆ. ಮೊದಲು ಬೂದು ಪ್ರೈಮರ್, ಆಮೇಲೆ ಮರಳು ಬಣ್ಣ, ಅದರ ಮೇಲೆ ಹಸಿರು ಪಟ್ಟೆ. ತೆಳುವಾಗಿ ಎರಡು ಮೂರು ಸಲ. ಡೆಕಾಲ್, ಅಂದರೆ ನಂಬರು, ಗುರುತುಗಳ ತೆಳು ಸ್ಟಿಕ್ಕರ್, ಅಂಟಿಸುವ ಮೊದಲು ಹೊಳಪು ವಾರ್ನಿಶ್, ಎಲ್ಲಾ ಮುಗಿದ ಮೇಲೆ ಮ್ಯಾಟ್. ಡೆಕಾಲ್ ಹಾಳೆಯನ್ನು ಮಳೆಗಾಲದಲ್ಲಿ ಸುಮ್ನೆ ಪೆಟ್ಟಿಗೆಯಲ್ಲಿ ಬಿಟ್ಟರೆ ಬೂಸ್ಟು ಬರುತ್ತದೆ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಧೂಳಿನ ವಿಷಯ ನನಗೆ ತುಂಬಾ ಮುಖ್ಯ. ಅಂಗಳದ ಕೆಂಪು ಮಣ್ಣು ಕೈಗೆ ಸಿಗುತ್ತದೆ ಅಂತ ಅದನ್ನೇ ಹಚ್ಚಬೇಡಿ. ರಾಜಸ್ಥಾನದ ಮರಳಿನಲ್ಲಿ ಓಡುವ ಟ್ಯಾಂಕ್ ನಿಮ್ಮದಾದರೆ ಅದರ ಧೂಳು ಮಾಸಲು ಹಳದಿ. ಅಳತೆಯೂ ನೋಡಿ: 1 ಮಿ.ಮೀ. ಮರಳಿನ ಕಾಳು 1:35ರಲ್ಲಿ 3.5 ಸೆಂ.ಮೀ. ಕಲ್ಲಾಗುತ್ತದೆ. ಡ್ರಾಯಿಂಗ್‌ನ ಡ್ರೈ ಪೇಸ್ಟಲ್ ಕಡ್ಡಿಯನ್ನು ವಾಟರ್ ಪೇಪರ್ ಮೇಲೆ ತೇಯ್ದು ಬಂದ ಪುಡಿ ಸಾಕು. ಚಕ್ರದ ಸುತ್ತ, ಟ್ರ್ಯಾಕ್ ಮೇಲಿನ ಫೆಂಡರ್ ಮೇಲೆ ಜಾಸ್ತಿ, ಗೋಪುರದ ಮೇಲೆ ಕಮ್ಮಿ. ಸಿಬ್ಬಂದಿ ಹತ್ತಿಳಿಯುವ ಕಡೆ ಧೂಳು ಒರೆಸಿಹೋಗಿ ಬಣ್ಣ ಸವೆದಿರುತ್ತದೆ, ಅಲ್ವಾ? ಅಲ್ಲಿ ಪುಡಿ ಬೇಡ, ಪೆನ್ಸಿಲ್ ಸೀಸ ಬೆರಳಲ್ಲಿ ಸವರಿದರೆ ಕಬ್ಬಿಣದ ಹೊಳಪು ಬರುತ್ತದೆ.

ಮುಗಿದ ಮಾಡೆಲ್ ಗಾಜಿನ ಕಪಾಟಿನಲ್ಲಿರಲಿ, ನೇರ ಬಿಸಿಲು ಬೇಡ. ಮೂಲೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೂನ್ ಬರುವ ಮೊದಲು ಹೊಸದು ಹಾಕಿ.