ಪ್ಲಾಸ್ಟಿಕ್ ಸೈನಿಕರಿಗೆ ಬೇಗ ಬಣ್ಣ ಹಚ್ಚಲು
ಸುಮಾರು 28 ಮಿ.ಮೀ. ಎತ್ತರದ ಸೈನಿಕರ ದೊಡ್ಡ ಪಡೆಯಿದ್ದರೆ ಪ್ರೈಮರ್‌ನಲ್ಲೇ (ಬಣ್ಣ ಹಿಡಿಯಲು ಮೊದಲು ಹೊಡೆಯುವ ತಳಪದರ) ಅರ್ಧ ಕೆಲಸ ಮುಗಿಸಿ. ಸಮವಸ್ತ್ರದ ಮುಖ್ಯ ಬಣ್ಣದ ಸ್ಪ್ರೇ ಪ್ರೈಮರನ್ನೇ ಹೊಡೆಯಿರಿ: ನೆಪೋಲಿಯನ್ ಕಾಲದ ಫ್ರೆಂಚ್ ಪದಾತಿಗೆ ಕಡುನೀಲಿ, ಬ್ರಿಟಿಷರಿಗೆ ಕೆಂಪು. 20–30 ಸೆಂ.ಮೀ. ದೂರದಿಂದ ತೆಳುವಾಗಿ ಎರಡು ಸಲ ಸಾಕು; ಇನ್ನೂ ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮೇಲ್ಮೈ ತರಿತರಿಯಾಗುತ್ತದೆ. ಆಮೇಲೆ ಹತ್ತು-ಹನ್ನೆರಡು ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಒಂದು ಬಣ್ಣ ಎಲ್ಲರಿಗೂ ಮುಗಿದ ಮೇಲೆಯೇ ಮುಂದಿನದು.

ಕೊನೆಗೆ ಕಂದು ವಾಶ್, ಅಂದರೆ ಮಡಿಕೆಗಳಿಗೆ ಇಳಿದು ನೆರಳು ತೋರಿಸುವ ತೆಳು ನೀರುಬಣ್ಣದಂಥ ಲೇಪ. ಹೆಚ್ಚಿನವರು ಎಡವುವುದು ಇಲ್ಲೇ. ಅದು ಎದೆಯ ಬಿಳಿ ಪಟ್ಟಿಗಳನ್ನು ಕೊಳಕು ಮಾಡುತ್ತದೆ. ಹಾಗಾಗಿ ಅಲ್ಲಿ ಮೊದಲು ತಿಳಿಬೂದು ಹಚ್ಚಿ, ವಾಶ್ ಪೂರ್ತಿ ಒಣಗಿದ ಮೇಲೆ ಉಬ್ಬಿದ ಭಾಗಕ್ಕಷ್ಟೇ ಬಿಳಿ ಎಳೆಯಿರಿ. ಮಡಿಕೆಗಳಾಚೆ ನಿಂತ ವಾಶನ್ನು ಒಣ ಬ್ರಷ್‌ನಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಅಂಚುಗಟ್ಟಿ ಕಲೆ ಉಳಿಯುತ್ತದೆ. ಮ್ಯಾಟ್ ವಾರ್ನಿಶ್ (ಹೊಳಪಿಲ್ಲದ ರಕ್ಷಣಾ ಲೇಪ) ಮರುದಿನ.